ಉಪ್ಪು ನೋಡುವ ಮಾಮಾ

"ಉಪ್ಪು ತಿಂತೀರಾ?"

ಡಾಕ್ಟರು ಕೇಳಿದರು. ಯಾದಗಿರಿಗೆ ವಾರಕ್ಕೊಮ್ಮೆ ಬಂದು ಹೋಗುವ ಕಿಡ್ನಿ ಡಾಕ್ಟರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುತ್ತಾರೆ. ಹೊರಗೆ ಬೆಂಚಿನ ತುಂಬಾ ಜನ ಕಾದಿದ್ದರು. ಡಾಕ್ಟರ ಕಣ್ಣು ಕಂಪ್ಯೂಟರ್ ಮೇಲಿತ್ತು.

"ಇಲ್ರಿ ಸಾಹೇಬ್ರ. ಪೂರಾ ಬಿಟ್ಟೀನಿ," ಅಂದರು ನಮ್ಮ ಹಣಮಂತ್ರಾಯ ಮಾಮಾ. ಆಮೇಲೆ, ದೇವರಂಥ ಡಾಕ್ಟರ ಮುಂದೆ ಸುಳ್ಳು ಹೇಳಿದಂತಾಗಬಾರದು ಅಂತ ಇನ್ನೊಂದು ಮಾತು ಸೇರಿಸಿದರು. "ಬರೇ ನೋಡ್ತೀನಿ."

"ನೋಡಿ, ನೋಡಿ. ನೋಡೋದಕ್ಕೇನೂ ತೊಂದರೆ ಇಲ್ಲ," ಅಂದರು ಡಾಕ್ಟರು, ಕೀಬೋರ್ಡ್ ಕುಟ್ಟುತ್ತಲೇ. ಹಿರಿಯರು ಏನೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು, ಪಾಪ.

ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ. ನಾನು ಮುಂದಿನ ತಪಾಸಣೆ ಯಾವ ವಾರ, ಸ್ಕೂಲಿಗೆ ರಜೆ ಯಾರ ಹತ್ತಿರ ಕೇಳಲಿ ಅನ್ನುವ ಲೆಕ್ಕದಲ್ಲಿದ್ದೆ. ಮಾಮಾ ಮಾತ್ರ ಡಾಕ್ಟರ ಆ ಮಾತನ್ನು ಭದ್ರವಾಗಿ ಕಿಸೆಗೆ ಹಾಕಿಕೊಂಡು ಹೊರಗೆ ಬಂದರು. ಅದರ ಫಲ ನಾವು ತಿಂಗಳುಗಟ್ಟಲೆ ಉಂಡೆವು.

ಉಪ್ಪು ನೋಡುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. (ಅಡುಗೆಮನೆ ಕಡೆ ತಲೆ ಹಾಕದ ಒಂದಿಬ್ಬರು ಓದುಗರಿದ್ದಾರೆ, ಅವರಿಗಾಗಿ ಹೇಳುತ್ತೇನೆ: ಕಣ್ಣಿನಿಂದ ನೋಡುವುದಲ್ಲ, ನಾಲಿಗೆಯಿಂದ ನೋಡುವುದು.) ಎಲ್ಲರ ಮನೆಯಲ್ಲೂ ಉಪ್ಪು ನೋಡುತ್ತಾರೆ. ಆದರೆ ನಮ್ಮ ಬಳಗದಲ್ಲಿ ಅದು ಒಂದು ಹುದ್ದೆ. ಆ ಹುದ್ದೆಯಲ್ಲಿ ಇರುವವರು ಹಣಮಂತ್ರಾಯ ಮಾಮಾ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಮನೆ ಸುರಪುರದಲ್ಲಿ, ಗದ್ದೆ ಹುಣಸಗಿ ಕಡೆ ಕಾಲುವೆ ನೀರಿನಲ್ಲಿ. ವಯಸ್ಸು ಅರವತ್ತರ ಹತ್ತಿರ. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಶಹಾಪುರ, ಸುರಪುರ, ಯಾದಗಿರಿ, ಈ ಮೂರು ತಾಲ್ಲೂಕಿನಲ್ಲಿ ನಮ್ಮವರ ಮದುವೆ, ಬಸುರಿಯರ ಕುಬಸ, ಕೂಸಿನ ತೊಟ್ಟಿಲು ಏನೇ ಇರಲಿ, ಮಾಮಾನಿಗೆ ಕಾರ್ಡಿನ ಜೊತೆ ಬೇರೆ ಫೋನ್ ಬರುತ್ತದೆ. "ನೀವು ಬಂದು ಉಪ್ಪು ನೋಡಿದ ಮ್ಯಾಲೇ ಊಟಕ್ಕ ಕೂಡಸೂದು, ಜಲ್ದಿ ಬರ್ರಿ."

ಅವರು ಉಪ್ಪು ನೋಡುವುದನ್ನು ನೋಡಬೇಕು ನೀವು. ಅಡುಗೆ ಮಾಡುವವರು ಸೌಟು ಎತ್ತಿ ಹಿಡಿಯುತ್ತಾರೆ. ಮಾಮಾ ಟವೆಲ್ಲಿಗೆ ಕೈ ಒರೆಸಿ ಅಂಗೈ ಚಾಚುತ್ತಾರೆ. ಸಾರು ಅಂಗೈಗೆ ಬೀಳುತ್ತದೆ. ನೆಕ್ಕಿ, ಕಣ್ಣು ಮುಚ್ಚಿ, ಮುಖ ಆಕಾಶಕ್ಕೆ ಎತ್ತುತ್ತಾರೆ. ಸುತ್ತ ನಿಂತವರೆಲ್ಲ ಸುಮ್ಮನಾಗುತ್ತಾರೆ. ಆಮೇಲೆ ತೀರ್ಪು. "ಹಾಕು" ಅಂದರೆ ಇನ್ನೊಂದು ಹಿಡಿ. "ಸಾಕು" ಅಂದರೆ ಸಾಕು. "ಮುಟ್ಟಬ್ಯಾಡ" ಅಂದರೆ ಆ ಪಾತ್ರೆಯನ್ನು ಇನ್ನು ದೇವರು ಬಂದರೂ ಮುಟ್ಟುವಂತಿಲ್ಲ.

ಇಷ್ಟೇ ಆಗಿದ್ದರೆ ಕಿಡ್ನಿಗೂ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಆದರೆ ನಮ್ಮ ಮಾಮಾ ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಬರೀ ಸಾರು ನೆಕ್ಕಿದರೆ ಗೊತ್ತಾಗುವುದಿಲ್ಲ, ಅನ್ನದ ಜೊತೆ ನೋಡಬೇಕು. ಬದನೆಕಾಯಿ ಪಲ್ಯ ಬೇರೆ ನೋಡಬೇಕು. ಭಜಿ ಹಿಟ್ಟು ಹಸಿಯಾಗಿ ನೋಡಿದರೆ ತಿಳಿಯುವುದಿಲ್ಲ, ಕರಿದು ನೋಡಬೇಕು. ಒಂದು ಭಜಿಯಿಂದ ಏನು ತಿಳಿಯುತ್ತದೆ? ಉಪ್ಪು ಹಾಕಿದ ಮೇಲೆ ಮತ್ತೊಮ್ಮೆ ಎಲ್ಲವನ್ನೂ ಮೊದಲಿಂದ ನೋಡಬೇಕು. ಮದುವೆ ಸೀಜನ್ನಿನಲ್ಲಿ ಅವರು ಊಟಕ್ಕೆ ಕೂಡುವ ಹೊತ್ತಿಗೆ ಎರಡು ಊಟ ಮುಗಿದಿರುತ್ತಿದ್ದವು.

ಹೋದ ವರ್ಷ ಅವರ ಚಪ್ಪಲಿ ಬಿಗಿಯಾದವು. ಅಂಗಡಿಯವನು ಮೋಸ ಮಾಡಿದ, ಚರ್ಮ ಕುಗ್ಗಿದೆ ಅಂತ ಮಾಮಾ ಜಗಳಕ್ಕೆ ಹೊರಟಿದ್ದರು. ನಿಂಗಮ್ಮ ಅತ್ತೆ ತಡೆದರು. (ಅತ್ತೆ ಅಂದರೆ ಮಾಮಾನ ಹೆಂಡತಿ. ನಮ್ಮ ಬಳಗದಲ್ಲಿ ಅತಿ ಕಡಿಮೆ ಮಾತಾಡುವ, ಅತಿ ಹೆಚ್ಚು ಗಮನಿಸುವ ಹೆಂಗಸು.) ಗಂಡನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಕುಳಿ ಬಿತ್ತು. ಬಿದ್ದ ಕುಳಿ ತುಂಬಲೇ ಇಲ್ಲ. ನನಗೆ ಫೋನ್ ಮಾಡಿದರು. ಬಳಗದಲ್ಲಿ ಹೈಸ್ಕೂಲಿಗೆ ಸೈನ್ಸ್ ಕಲಿಸುವವಳು ನಾನೊಬ್ಬಳೇ, ಹಾಗಾಗಿ ದವಾಖಾನೆಗೆ ಜೊತೆ ಹೋಗುವ ಕೆಲಸ ನನಗೇ ಬರುತ್ತದೆ.

ಬಿಪಿ ನೋಡಿದರು. ಮೇಲಿನ ನಂಬರು ನೂರಾ ಎಂಬತ್ತರ ಹತ್ತಿರ. ರಕ್ತ, ಮೂತ್ರ ಪರೀಕ್ಷೆ ಆಯಿತು. ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಅಂದರು. ಬಿಪಿ ಎಷ್ಟು ವರ್ಷದಿಂದ ಇದೆಯೋ ಯಾರಿಗೂ ಗೊತ್ತಿಲ್ಲ.

"ನನಗ್ಹ್ಯಾಂಗ ಬಿಪಿ ಬರ್ತದ? ನನಗ ಸಿಟ್ಟೇ ಬರಂಗಿಲ್ಲ," ಅಂದರು ಮಾಮಾ.

ಇದೊಂದು ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ನೋಡಿ. ಬಿಪಿ ಅಂದರೆ ಸಿಟ್ಟು. ಹೆಡ್‌ಮಾಸ್ಟರಿಗೆ ಬರಬಹುದು, ಅತ್ತೆಮ್ಮನಿಗೆ ಬರಬಹುದು, ಶಾಂತ ಸ್ವಭಾವದವರಿಗೆ ಬರಕೂಡದು. ತಲೆ ಸುತ್ತಬೇಕು, ಕಣ್ಣು ಕೆಂಪಾಗಬೇಕು, ಆಗ ಮಾತ್ರ ಬಿಪಿ. ಏನೂ ತ್ರಾಸು ಕೊಡದೆ ಒಳಗೊಳಗೇ ಕೂತು ಕೆಲಸ ಕೆಡಿಸುವ ಬಿಪಿಯನ್ನು ನಾವು ಬಿಪಿ ಅಂತ ಒಪ್ಪುವುದೇ ಇಲ್ಲ.

ಡಾಕ್ಟರು ಸಮಾಧಾನದಿಂದ ಬಿಡಿಸಿ ಹೇಳಿದರು. ಬಿಪಿ ಹೆಚ್ಚಾದರೆ ಕಿಡ್ನಿಯ ಸಣ್ಣ ಸಣ್ಣ ರಕ್ತನಾಳ ಹಾಳಾಗುತ್ತವೆ. ಕಿಡ್ನಿ ಹಾಳಾದರೆ ಮೈಯಲ್ಲಿ ಉಪ್ಪು, ನೀರು ನಿಂತು ಬಿಪಿ ಇನ್ನೂ ಏರುತ್ತದೆ. ಒಂದು ಇನ್ನೊಂದನ್ನು ತಳ್ಳುತ್ತಲೇ ಹೋಗುತ್ತದೆ. ಮಾಮಾ ಸ್ವಲ್ಪ ಹೊತ್ತು ಯೋಚಿಸಿದರು. "ಕಾಲವಿ ನೀರು ಜೋರ್ ಬಿಟ್ರ ಗದ್ದಿ ಒಡ್ಡು ಒಡಿತಾವ. ಒಡ್ಡು ಒಡದ್ರ ಮುಂದಿನ ಗದ್ದೀನೂ ಹೋತು. ಹಂಗೇ ಏನ್ರಿ?" ಡಾಕ್ಟರಿಗೆ ಒಡ್ಡು ಎಷ್ಟು ತಿಳಿಯಿತೋ, ಹೌದು ಹಾಗೇ ಅಂದರು.

ಆಮೇಲೆ ಮುಖ್ಯವಾದ ಮಾತು ಹೇಳಿದರು. "ಹೋದ ಕಿಡ್ನಿ ವಾಪಸ್ ಬರಲ್ಲ. ಆದರೆ ಬಿಪಿ ಹಿಡಿದಿಟ್ಟರೆ ಇರೋ ಕಿಡ್ನಿಯಲ್ಲೇ ಬಹಳ ವರ್ಷ ಆರಾಮಾಗಿ ಇರಬಹುದು. ಬಿಟ್ಟರೆ ಡಯಾಲಿಸಿಸ್ ಬಹಳ ದೂರ ಇಲ್ಲ. ವಾರಕ್ಕೆ ಎರಡು ಮೂರು ಸಲ ಬಂದು ಮಶೀನ್ ಪಕ್ಕ ಮಲಗಬೇಕಾಗುತ್ತೆ."

"ಮದುವಿ ಸೀಜನ್ನ್ಯಾಗ ರಜಾ ಕೊಡ್ತಾರೇನ್ರಿ?" ಅಂತ ಕೇಳಿದರು ಮಾಮಾ. ನನಗೆ ನಗು ಬಂತು, ಡಾಕ್ಟರ ಮುಖ ನೋಡಿ ಅಲ್ಲೇ ನಿಂತಿತು.

ಮನೆಯಲ್ಲಿ ಆವತ್ತಿನಿಂದಲೇ ಕಾಯ್ದೆ ಜಾರಿಯಾಯಿತು. ಮೊಣಕಾಲು ನೋವಿಗೆ ಅಂತ ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆ ಬಂದ್, ಅವು ಕಿಡ್ನಿಗೆ ಕೆಡುಕು. ಉಪ್ಪಿನಕಾಯಿ ಬಂದ್. ಹಪ್ಪಳ ಬಂದ್. ನಮ್ಮ ಕಡೆ ಜೋಳದ ರೊಟ್ಟಿಗೆ ಮೊದಲೇ ಉಪ್ಪಿಲ್ಲ, ಅದು ನಮ್ಮ ಪುಣ್ಯ. ಆದರೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನುವ ಚಟ್ನಿಪುಡಿಗಳಲ್ಲಿ ರೊಟ್ಟಿಯ ಪಾಲಿನ ಉಪ್ಪೂ ಸೇರಿಕೊಂಡಿರುತ್ತದೆ, ಅದು ನಮ್ಮ ಪಾಪ. ಅತ್ತೆ ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿದರು. ಬೆಳ್ಳುಳ್ಳಿ, ಜೀರಿಗೆ ಕೈತುಂಬ ಹಾಕಿದರು, ನಿಂಬೆಹಣ್ಣು ಹಿಂಡಿದರು.

ನಿಮಗೆ ಉಪ್ಪು ಹಾಕಿ ಬೇರೆ ಪಲ್ಯ ಮಾಡಿಕೊಳ್ಳಿ ಅಂತ ಅತ್ತೆಗೆ ಹೇಳಿದೆ. ಅವರು ನನ್ನನ್ನು ಒಂದು ಥರ ನೋಡಿದರು.

"ಅವರು ಸಪ್ಪ ಉಣ್ಣಾಕತ್ತಾಗ ನಾ ಎದುರಿಗಿ ಕೂತು ರುಚಿ ಮಾಡ್ಕೊಂಡು ಉಣ್ಣಲೇನು? ಗಂಟಲದಾಗ ಇಳೀತದೇನು ಅದು?"

ಹಾಗಾಗಿ ಅತ್ತೆಯೂ ಸಪ್ಪೆ ಉಂಡರು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಆದರೂ ಬಿಪಿ ಇಳಿಯಲಿಲ್ಲ.

ಎರಡನೇ ತಪಾಸಣೆಗೆ ಹೋದಾಗ ಡಾಕ್ಟರು ಹುಬ್ಬು ಗಂಟು ಹಾಕಿದರು. "ಇವತ್ತು ಬೆಳಗ್ಗೆ ಮಾತ್ರೆ ತಗೊಂಡ್ರಾ?"

"ಇಲ್ರಿ. ದವಾಖಾನಿಗಿ ಬರೂ ದಿನ ತಗೊಳ್ಳಂಗಿಲ್ಲ."

"ಯಾಕೆ?"

"ಗುಳಿಗಿ ನುಂಗಿ ಬಂದ್ರ ನಿಮಗ ಖರೇ ಬಿಪಿ ಹ್ಯಾಂಗ ಗೊತ್ತಾಗಬೇಕ್ರಿ?"

ಎಂಥ ಪ್ರಾಮಾಣಿಕತೆ ನೋಡಿ. ಡಾಕ್ಟರಿಗೆ ಮೋಸ ಆಗಬಾರದು ಅಂತ ಗುಳಿಗೆ ಬಿಟ್ಟು ಬರುವುದು. (ನಗಬೇಡಿ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಆಮೇಲೆ ನಗುವಿರಂತೆ.) ಗುಳಿಗೆ ತಗೊಂಡ ಮೇಲೆ ಎಷ್ಟಿದೆ ಅನ್ನುವುದೇ ನಮಗೆ ಬೇಕು, ಆವತ್ತೂ ತಪ್ಪಿಸಬೇಡಿ ಅಂತ ಡಾಕ್ಟರು ತಿಳಿಹೇಳಿದರು. ಆಮೇಲೆ ಅತ್ತೆ ಚೀಲದಿಂದ ಒಂದು ಪ್ಯಾಕೆಟ್ ತೆಗೆದರು. ಅಂಗಡಿಯವರು ಇದು ಬಿಪಿಯವರ ಉಪ್ಪು, ಸೋಡಿಯಂ ಕಡಿಮೆ ಅಂತ ಕೊಟ್ಟಿದ್ದಾರೆ, ಹಾಕಬಹುದಾ ಅಂತ ಕೇಳಿದರು. ಒಡೆಯದೆ, ಕೇಳಿಯೇ ಹಾಕೋಣ ಅಂತ ತಂದಿದ್ದರು. ಡಾಕ್ಟರು ಅದನ್ನು ಹಿಡಿದು ಓದಿ ಬೇಡವೇ ಬೇಡ ಅಂದರು. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ, ಸೋತ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ, ಹೃದಯಕ್ಕೇ ಅಪಾಯ. ಅತ್ತೆ ಪ್ಯಾಕೆಟ್ಟನ್ನು ಹಾವು ಹಿಡಿದಂತೆ ದೂರ ಹಿಡಿದುಕೊಂಡು ಹೊರಗೆ ಬಂದರು.

ಗುಳಿಗೆ ಸರಿಯಾಯಿತು. ಒಂದಿದ್ದದ್ದು ಎರಡಾಯಿತು. ನಾನು ಮನೆಗೊಂದು ಬಿಪಿ ಮಶೀನ್ ತಂದುಕೊಟ್ಟೆ. ಐದು ನಿಮಿಷ ಸುಮ್ಮನೆ ಕೂತು, ಕೈಯನ್ನು ಮೇಜಿನ ಮೇಲಿಟ್ಟು, ಮಾತಾಡದೆ ನೋಡಬೇಕು ಅಂತ ಕಲಿಸಿಕೊಟ್ಟೆ. (ಮಾತಾಡದೆ ಅನ್ನುವುದೇ ಮಾಮಾನಿಗೆ ಕಷ್ಟ ಆಯಿತು.) ಕೆಲವು ದಿನ ನಂಬರು ಇಳಿಯುವುದು, ಮತ್ತೆ ಏರುವುದು. ಏರಿದರೆ ಕಾಲೂ ಊದುವುದು. (ಡಾಕ್ಟರ ಮುಂದೆ ಮಾಮಾ ಬರೇ ನೋಡ್ತೀನಿ ಅಂದದ್ದು ಈ ದಿನಗಳ ತಪಾಸಣೆಯೊಂದರಲ್ಲೇ, ಆವತ್ತು ಅತ್ತೆ ಬಂದಿರಲಿಲ್ಲ.)

ಒಂದು ದಿನ ಅತ್ತೆ ಫೋನ್ ಮಾಡಿದರು. ದನಿ ಸಣ್ಣಗಿತ್ತು.

"ನನ್ನ ಕೈಯಾಗೇ ಏನೋ ತಪ್ಪಾಗಾಕತ್ತದ ಅನ್ನಸ್ತದ. ಹಾಲಿನ್ಯಾಗ ಉಪ್ಪಿರ್ತದೇನು? ನೀರಿನ್ಯಾಗ? ನೀ ಓದೀದಿ, ಹೇಳು. ಗಡಗಿಗಿ ಹಳೀ ಉಪ್ಪು ಹಿಡದಿರ್ತದ ಅಂತ ಗಡಗೀನೂ ಬ್ಯಾರೆ ಮಾಡೀನಿ."

ಮೂವತ್ತು ವರ್ಷದ ಮೇಲಿನಿಂದ ಅಡುಗೆ ಮಾಡಿದ ಹೆಂಗಸು ಗಡಿಗೆಯ ಮೇಲೆ ಅನುಮಾನ ಪಡುತ್ತಿದ್ದರು. ನೋಡೋಣ ಅತ್ತೆ ಅಂದೆ, ಅಷ್ಟೇ.

ಉತ್ತರ ಸಿಕ್ಕಿದ್ದು ಹತ್ತಿಕುಣಿಯಲ್ಲಿ.

ಆ ಊರಿನಲ್ಲಿ ದೂರದ ನೆಂಟರ ಮದುವೆ. ಅತ್ತೆ ಬಂದಿರಲಿಲ್ಲ. ಕೈ ತೊಳೆಯಲು ನೀರು ಎಲ್ಲಿದೆ ಅಂತ ಹುಡುಕುತ್ತ ನಾನು ಪೆಂಡಾಲಿನ ಹಿಂದೆ ಹೋದೆ. ಅಲ್ಲಿ ಒಲೆ, ಒಲೆಯ ಮೇಲೆ ಸಾರಿನ ದೊಡ್ಡ ಪಾತ್ರೆ, ಪಾತ್ರೆಯ ಪಕ್ಕ ಅಡುಗೆಯ ಈರಣ್ಣ. ನಮ್ಮ ಬಳಗದ ಅಡುಗೆಯೆಲ್ಲ ಈರಣ್ಣನದೇ. ಈರಣ್ಣನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ತಾಟು ಇಟ್ಟುಕೊಂಡು ನಮ್ಮ ಮಾಮಾ ಕೂತಿದ್ದರು. ತಾಟಿನಲ್ಲಿ ಅನ್ನ, ಸಾರು, ಪಲ್ಯ, ಭಜಿ.

"ಮಾಮಾ, ಏನ್ ಮಾಡಾಕತ್ತೀರಿ?"

"ಉಪ್ಪು ನೋಡಾಕತ್ತೀನಿ ಬೇ," ಅಂದರು, ಕಣ್ಣಲ್ಲಿ ಒಂದು ಚೂರೂ ಅಳುಕಿಲ್ಲದೆ.

"ನಿಮಗ ಉಪ್ಪು ಬ್ಯಾಡಂದಾರಲ್ಲ."

"ತಿನ್ನಬ್ಯಾಡ ಅಂದಾರ. ನಾ ಎಲ್ಲಿ ತಿನ್ನಾಕತ್ತೀನಿ? ಊಟಕ್ಕ ಕೂಡಂಗೇ ಇಲ್ಲ ನಾ, ಈರಣ್ಣನ್ನ ಕೇಳು. ನೋಡಬಹುದಾ ಅಂತ ಡಾಕ್ಟ್ರಿಗಿ ನಿನ್ನ ಮುಂದೇ ಕೇಳೀನಿ. ನೋಡ್ರಿ, ನೋಡಾಕೇನೂ ತೊಂದ್ರಿಲ್ಲ ಅಂದಾರ. ಅಂದಾರೋ ಇಲ್ಲೋ?"

ಅಂದಿದ್ದರು. ನಾನೇ ಸಾಕ್ಷಿ.

ಸಿಟ್ಟು ನೆತ್ತಿಗೇರಿತು. (ಆಗ ನನ್ನ ಬಿಪಿ ನೋಡಿದ್ದರೆ ಮಶೀನೇ ಒಡೆಯುತ್ತಿತ್ತು.) ಆದರೆ ಯಾರ ಮೇಲೆ ಸಿಟ್ಟಾಗಲಿ? ಮನುಷ್ಯ ಕದ್ದು ತಿನ್ನುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ನಿಜವಾಗಿಯೂ ಕೂಡುತ್ತಿರಲಿಲ್ಲ. ಸಿಹಿ ಹುಗ್ಗಿ ಕೂಡ ಮುಟ್ಟುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ತಿನ್ನುವುದು ಬೇರೆ, ನೋಡುವುದು ಬೇರೆ. ತಿನ್ನುವುದು ಹೊಟ್ಟೆಗೆ, ನೋಡುವುದು ಊರಿಗೆ. ಒಂದು ಮದುವೆಗೆ ಎಷ್ಟು ನೋಡುತ್ತಾರೋ, ಆ ತಿಂಗಳು ಮದುವೆ ಎಷ್ಟಿದ್ದವೋ, ಯಾರು ಲೆಕ್ಕ ಇಟ್ಟಿದ್ದರು?

ಮುಂದಿನ ತಪಾಸಣೆಯಲ್ಲಿ ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮೊದಲ ಸಲ ಕಂಪ್ಯೂಟರಿನಿಂದ ಕಣ್ಣು ತೆಗೆದು ಮಾಮಾನನ್ನು ಸರಿಯಾಗಿ ನೋಡಿದರು. ನಗಬೇಕೋ ಬೇಡವೋ ಗೊತ್ತಾಗದೆ ಕನ್ನಡಕ ಒರೆಸಿದರು. "ನಮ್ಮಲ್ಲೂ ಉಪ್ಪು ನೋಡು ಅಂತಾರೆ. ನನಗೆ ಹೊಳೀಲೇ ಇಲ್ಲ," ಅಂದರು. ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡರು. "ಇಡೀ ದಿನಕ್ಕೆ ಎಲ್ಲ ಸೇರಿ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಅಂತ ನಾವು ಲೆಕ್ಕ ಹಾಕ್ತೀವಿ. ನೀವು ಅದನ್ನ ನಿಂತಲ್ಲೇ ಮುಗಿಸ್ತಿದೀರಿ. ಎಷ್ಟು ಮಾತ್ರೆ ಕೊಟ್ಟರೂ ಇಂಥ ಉಪ್ಪಿನ ಮುಂದೆ ಕೆಲಸ ಮಾಡಲ್ಲ. ಇನ್ನು ನೋಡೋದೂ ಬೇಡ."

ಮಾಮಾ ತಲೆ ಆಡಿಸಿದರು.

ಬಸ್ ಹತ್ತಿದೆವು. ಯಾದಗಿರಿ ಬಿಟ್ಟು ಭೀಮಾ ಸೇತುವೆ ದಾಟಿದೆವು. ನಾನು ಶಹಾಪುರದಲ್ಲಿ ಇಳಿಯಬೇಕು, ಅವರು ಸುರಪುರಕ್ಕೆ ಹೋಗಬೇಕು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಮಾಮಾ ಬಾಯಿ ಬಿಟ್ಟರು.

"ಡಾಕ್ಟ್ರು ಅಂದದ್ದು ಬರೋಬ್ಬರಿ ಅದ. ಒಲ್ಲೆ ಅನ್ನಂಗಿಲ್ಲ ನಾ. ಆದ್ರ ಒಂದ್ ಮಾತ್ ಹೇಳು ಬೇ ಟೀಚರ. ಉಪ್ಪು ನೋಡಂಗಿಲ್ಲ ಅಂದ ಮ್ಯಾಲ ನನ್ನ ಯಾರು ಕರೀತಾರ?"

"ಎಲ್ಲಾರೂ ಕರೀತಾರ ಮಾಮಾ. ಬಳಗ ಅಲ್ಲೇನು ನೀವು?"

"ಉಣ್ಣಾಕ ಕರೀತಾರ," ಅಂದರು ಕಿಟಕಿಯ ಕಡೆ ತಿರುಗಿ. "ಅದು ಬ್ಯಾರೆ."

ಅದು ಬೇರೆ. ಹೌದು. ಊಟಕ್ಕೆ ಊರನ್ನೇ ಕರೆಯುತ್ತಾರೆ. ನೀ ಬರದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಕರೆಯುವುದು ಕೆಲವರನ್ನು ಮಾತ್ರ. ಮಂದಿಗೆ ರೋಗ ಬಂದರೆ ನಾವು ಏನೇನೋ ಬಿಡಿಸುತ್ತೇವೆ. ಉಪ್ಪು ಬಿಡು, ಸಕ್ಕರೆ ಬಿಡು, ಬೀಡಿ ಬಿಡು, ಬಿಸಿಲಿಗೆ ಹೋಗುವುದು ಬಿಡು. ಬಿಟ್ಟ ಜಾಗದಲ್ಲಿ ಏನು ಹಿಡಿದುಕೊಳ್ಳಬೇಕು ಅಂತ ಯಾರಾದರೂ ಹೇಳುತ್ತೇವೆಯೇ? ನನಗೆ ಆ ಹೊತ್ತು ಮಾಮಾನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಇಳಿಯುವಾಗ ಅವರ ಟವೆಲ್ ಸರಿಮಾಡುವ ನೆಪದಲ್ಲಿ ಹೆಗಲು ಮುಟ್ಟಿ ಬಂದೆ.

ಅತ್ತೆಗೆ ಫೋನಿನಲ್ಲಿ ಎಲ್ಲ ತಿಳಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಹಂಗಾದ್ರ ನನ್ನ ಕೈ ತಪ್ಪಲ್ಲ," ಅಂದರು. ಸ್ವಲ್ಪ ಬಿಟ್ಟು, "ಗಡಗಿದೂ ತಪ್ಪಲ್ಲ."

ಕಳೆದ ತಿಂಗಳು ನಮ್ಮ ತಂಗಿಯ ಮಗಳ ಮದುವೆ ಶಹಾಪುರದಲ್ಲಾಯಿತು. ನಮ್ಮದೇ ಮನೆಯ ಕೆಲಸ. ಅಡುಗೆ ಈರಣ್ಣನದೇ. ಮಾಮಾನನ್ನು ಒಲೆಯ ಹತ್ತಿರ ಬಿಡಬೇಡ ಅಂತ ನಾನು ಈರಣ್ಣನಿಗೆ ಹೇಳಿರಲಿಲ್ಲ. ಹೇಳಿದ್ದರೆ ಆತ ಕರೆಯುತ್ತಿರಲಿಲ್ಲ. ಕರೆಯದಿದ್ದರೆ ಮಾಮಾನ ಮುಖ ಹೇಗಾಗುತ್ತಿತ್ತು ಅಂತ ನೆನೆಸಿಕೊಳ್ಳಲೂ ನನಗೆ ಧೈರ್ಯ ಇರಲಿಲ್ಲ. ಈ ಭಯ, ಆ ಭಯ, ಎರಡರ ನಡುವೆ ನಾನು ಅಕ್ಷತೆಯ ಅಕ್ಕಿಕಾಳು ಹಂಚುತ್ತ ಓಡಾಡುತ್ತಿದ್ದೆ.

ಈರಣ್ಣ ಕೂಗಿದ. "ಹಣಮಂತ್ರಾಯಣ್ಣ, ಬರ್ರಿ, ಉಪ್ಪು ನೋಡ್ರಿ."

ಮಾಮಾ ಎದ್ದು ಹೋದರು. ನಾನೂ ಹಿಂದೆ ಹೋದೆ. ಎಂದಿನಂತೆ ಟವೆಲ್ಲಿಗೆ ಕೈ ಒರೆಸಿದರು, ಅಂಗೈ ಚಾಚಿದರು. ಈರಣ್ಣ ಸೌಟಿನಿಂದ ಸಾರು ಬಿಟ್ಟ. ಸುತ್ತ ನಿಂತವರು ಸುಮ್ಮನಾದರು. ಮಾಮಾ ಅಂಗೈಯ ಸಾರನ್ನು ನೋಡುತ್ತ ನಿಂತರು. ಆವತ್ತು ಅವರು ನಿಜವಾಗಿಯೂ ಕಣ್ಣಿನಿಂದಲೇ ನೋಡುತ್ತಿದ್ದರು.

"ಏ, ಬಾ ಇಲ್ಲಿ," ಅಂತ ಕರೆದರು.

ಹೆಂಗಸರ ಗುಂಪಿನಿಂದ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದರು. ಮಾಮಾ ಅಂಗೈಯನ್ನು ಹೆಂಡತಿಯ ಮುಂದೆ ಹಿಡಿದರು. "ನೋಡು."

ಅಷ್ಟು ಗಂಡಸರ ನಡುವೆ ಅತ್ತೆ ಒಂದು ಗಳಿಗೆ ಹಿಂಜರಿದರು. ಆಮೇಲೆ ಗಂಡನ ಅಂಗೈಯಿಂದ ಬೆರಳಿಗೆ ಸಾರು ತಗೊಂಡು ನಾಲಿಗೆಗೆ ಹಚ್ಚಿಕೊಂಡರು. ಮುಖ ಕಿವುಚಿದರು.

"ಅಯ್ಯ, ಉಪ್ಪೋ ಉಪ್ಪು."

ಈರಣ್ಣ ಕಕ್ಕಾಬಿಕ್ಕಿಯಾದ. "ಅಕ್ಕಾ, ಇನ್ನಾ ಅರ್ಧೇ ಉಪ್ಪು ಹಾಕೀನ್ರಿ. ಉಳದದ್ದು ಈಗ ಹಾಕೂದು ಅದ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. ನನಗೆ ಅರ್ಥವಾಯಿತು. ಅಷ್ಟು ತಿಂಗಳು ಗಂಡನ ಜೊತೆ ಸಪ್ಪೆ ಉಂಡ ನಾಲಿಗೆ ಅದು. ನಾಲಿಗೆಗೆ ಅಭ್ಯಾಸ ಆಗಿಬಿಡುತ್ತದೆ, ಕೆಲವು ವಾರ ಸಾಕು. ಊರಿಗೆಲ್ಲ ಸಪ್ಪೆಯಾದದ್ದು ಆ ನಾಲಿಗೆಗೆ ಉಪ್ಪಾಗಿತ್ತು. ಮಾಮಾನಿಗೂ ಅದು ಅರ್ಥವಾಯಿತು. ಅವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಈರಣ್ಣ ಉಪ್ಪಿನ ಬೋಗುಣಿ ಎತ್ತಿಕೊಂಡು ನಿಂತಿದ್ದ. ಇಷ್ಟು ವರ್ಷ ಗಳಿಸಿದ ಹೆಸರು ಆ ಬೋಗುಣಿಯಲ್ಲಿತ್ತು. ಸಪ್ಪೆ ಸಾರು ಬಡಿಸ್ಯಾರ ಅಂತ ಒಂದು ಮಾತು ಹುಟ್ಟಿದರೆ ಅದು ಮೂರು ತಾಲ್ಲೂಕು ಸುತ್ತುತ್ತದೆ.

"ಮುಟ್ಟಬ್ಯಾಡ," ಅಂದರು ಮಾಮಾ.

"ಅಣ್ಣಾರ..."

"ಆಕಿ ನೋಡ್ಯಾಳ. ಮುಗೀತು."

ಮಂದಿ ಊಟಕ್ಕೆ ಕೂತರು. ಸಾರು ಬಡಿಸಿದರು. ಉಪ್ಪು ಬೇಕಾದವರಿಗೆ ಇರಲಿ ಅಂತ ನಾನು ಪಂಕ್ತಿಗೊಂದು ಬಟ್ಟಲು ಇಡಿಸಿದೆ. ಅಂದುಕೊಂಡಂತೆ ಗೊಣಗಾಟ ಶುರುವಾಯಿತು. ರಾಮಸಮುದ್ರದಿಂದ ಬಂದಿದ್ದ ಒಬ್ಬರು, ಮಾಮಾನ ವಾರಿಗೆಯವರೇ, ಎಲ್ಲರಿಗೂ ಕೇಳುವಂತೆ ಅಂದರು. "ಹಣಮಂತ್ರಾಯಂದು ನಾಲಿಗಿ ಹೋತು ನೋಡ್ರಪ್ಪೋ."

ಮಾಮಾ ಸಾರಿನ ಬಕೆಟ್ ಹಿಡಿದು ಅದೇ ಪಂಕ್ತಿಯಲ್ಲಿ ಬರುತ್ತಿದ್ದರು. ನಿಂತರು.

"ಹೌದಪಾ. ನಾಲಿಗಿ ಹೋಗಿ ಕಿಡ್ನಿ ಉಳದಾದ. ನಿನಗ ಬೇಕಾದ್ರ ಉಪ್ಪು ಅಲ್ಲೇ ಅದ, ಹಾಕ್ಕೋ."

ಬಟ್ಟಲು ಪಂಕ್ತಿಯಲ್ಲಿ ಹೊರಟಿತು. ಹುಡುಗರು ಹಾಕಿಕೊಂಡರು. ಆದರೆ ತಲೆ ನೆರೆತ ಒಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ನನಗ ಬ್ಯಾಡ. ನನಗೂ ಬಿಪಿ ಗುಳಿಗಿ ಅದ." ಅವರ ಪಕ್ಕದವರೂ ಕೈ ಹಿಡಿದರು. ಆಚೆ ಇನ್ನಿಬ್ಬರು. ನೋಡಿದರೆ ಹಿರಿಯರಲ್ಲಿ ಬಹಳ ಮಂದಿ ಬೆಳಿಗ್ಗೆ ಗುಳಿಗೆ ನುಂಗಿ, ಮಧ್ಯಾಹ್ನ ಮದುವೆ ಊಟ ಉಂಡು, ಅದರ ಬಗ್ಗೆ ಯಾರಿಗೂ ಹೇಳದೆ ಮನೆಗೆ ಹೋಗುವವರು. ಎದ್ದು ಬೇರೆ ಸಾರು ಕೊಡಿ ಅನ್ನುವ ಮನಸ್ಸು ಯಾರಿಗಿರುತ್ತದೆ? ರಾಮಸಮುದ್ರದವರು ಮಾತ್ರ ಚೆನ್ನಾಗಿ ಉಪ್ಪು ಹಾಕಿಕೊಂಡರು. ಕಲಸಿಕೊಳ್ಳುತ್ತ, ಬಿಪಿ ಎಲ್ಲಿ ನೋಡಿಸಿದೆ ಅಂತ ಮಾಮಾನನ್ನು ಮೆಲ್ಲಗೆ ಕೇಳಿದರು.

ಹೋದ ವಾರ ಮತ್ತೆ ಯಾದಗಿರಿಗೆ ಹೋಗಿದ್ದೆವು. ಈ ಸಲ ಮತ್ತೆ ಅತ್ತೆಯೂ ಬಂದಿದ್ದರು. ಮಾಮಾ ಬೆಳಿಗ್ಗೆ ಗುಳಿಗೆ ನುಂಗಿದ್ದರು. ಬಿಪಿ ಡಾಕ್ಟರು ಹಾಕಿಕೊಟ್ಟ ಗೆರೆಯ ಕೆಳಗೇ ಇತ್ತು. ಕ್ರಿಯಾಟಿನಿನ್, ಅಂದರೆ ಕಿಡ್ನಿಯ ಸ್ಥಿತಿ ಹೇಳುವ ಆ ರಕ್ತದ ನಂಬರು, ಹೋದ ಸಲ ಎಷ್ಟಿತ್ತೋ ಅಷ್ಟೇ ಇತ್ತು.

"ಇಳಿದಿಲ್ಲೇನ್ರಿ?" ಅಂದರು ಮಾಮಾ, ಸ್ವಲ್ಪ ಬೇಸರದಿಂದ.

"ಏರಿಲ್ಲ," ಅಂದರು ಡಾಕ್ಟರು. "ನಿಮ್ಮ ವಿಷಯದಲ್ಲಿ ಏರದೇ ಇರೋದೇ ಗೆಲುವು. ಹೀಗೇ ಇಟ್ಟುಕೊಳ್ಳಿ. ಉಪ್ಪು?"

"ತಿನ್ನಂಗಿಲ್ಲ. ನೋಡಂಗೂ ಇಲ್ಲ. ಈಗ ಇಕಿ ನೋಡ್ತಾಳ."

ಡಾಕ್ಟರು ನಕ್ಕು ಅತ್ತೆಯ ಕಡೆ ತಿರುಗಿದರು. "ಹಾಗಾದರೆ ನಿಮ್ಮದೂ ಒಮ್ಮೆ ನೋಡೋಣ ಬನ್ನಿ ಅಮ್ಮ." ಅತ್ತೆ ಬೇಡ ಬೇಡ ಅನ್ನುವಷ್ಟರಲ್ಲಿ ತೋಳಿಗೆ ಪಟ್ಟಿ ಸುತ್ತಿಯಾಗಿತ್ತು. ಪಟ್ಟಿ ಉಬ್ಬಿತು, ಇಳಿಯಿತು.

"ಚೆನ್ನಾಗಿದೆ. ಮೊದಲು ಎಷ್ಟಿರ್ತಿತ್ತು?"

"ಯಾರು ನೋಡ್ಯಾರ್ರಿ," ಅಂದರು ಅತ್ತೆ.

ದೂರು ಹೇಳಿದ ದನಿಯಲ್ಲ ಅದು. ಮಳೆ ಬಂತಾ ಅಂದರೆ ಇಲ್ಲ ಅಂದ ಹಾಗೆ ಹೇಳಿ ಸೆರಗು ಸರಿಮಾಡಿಕೊಂಡರು. ನಾನು ಕೊಟ್ಟ ಬಿಪಿ ಮಶೀನ್ ಅವರ ಮನೆಗೆ ಹೋಗಿ ತಿಂಗಳುಗಳಾಗಿತ್ತು. ಅದನ್ನು ಮೇಜಿನ ಮೇಲೆ ಇಡುವವರು ಅತ್ತೆ, ಗಂಡನ ತೋಳಿಗೆ ಕಟ್ಟುವವರು ಅತ್ತೆ, ನಂಬರು ನೋಡಿ ನನಗೆ ಫೋನ್ ಮಾಡುವವರು ಅತ್ತೆ. ಒಂದು ದಿನವಾದರೂ ನಿಮ್ಮದೂ ನೋಡಿಕೊಳ್ಳಿ ಅಂತ ಸೈನ್ಸ್ ಟೀಚರಿಗೂ ಹೊಳೆದಿರಲಿಲ್ಲ.

ಹೊರಗೆ ಬಂದ ಮೇಲೆ ಮಾಮಾ ಬಸ್ ಸ್ಟ್ಯಾಂಡಿನ ತನಕ ಹೆಂಡತಿಯ ಕೈಚೀಲ ತಾವೇ ಹಿಡಿದುಕೊಂಡರು. (ಇದು ನಮ್ಮ ಬಳಗದಲ್ಲಿ ಸಣ್ಣ ಸುದ್ದಿ ಅಲ್ಲ.) ಬಸ್ಸಿಗೆ ಕಾಯುವಾಗ, ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗದ ಹಾಗೆ ರಸ್ತೆಯ ಕಡೆ ನೋಡುತ್ತ ಅಂದರು.

"ಉಪ್ಪು ನೋಡೂದಂತೂ ಬಿಟ್ಟಾತು. ನಾಳಿಂದ ದಿನಾ ಮುಂಜಾನಿ ಮೊದಲ ನಿನ್ನ ನೋಡ್ತೀನಿ."

"ಮಂದಿ ಮುಂದ ಎಂಥ ಮಾತ್ರಿ ಇವು," ಅಂತ ಅತ್ತೆ ಆಕಡೆ ತಿರುಗಿ ನಿಂತರು. ಕಿವಿ ಕೆಂಪಾಗಿದ್ದವು.

ಅಡುಗೆಗೆ ಉಪ್ಪು ಸಾಲದು, ಜಾಸ್ತಿಯಾಯಿತು ಅಂತ ನೋಡಿ ಹೇಳುವವರು ನಮ್ಮ ನಿಮ್ಮ ಮನೆಯಲ್ಲಿ ಬೇಕಾದಷ್ಟು ಇದ್ದಾರೆ; ಆ ಉಪ್ಪು ಹಾಕಿದವರನ್ನು ನೋಡುವವರು ಯಾರಿದ್ದಾರೆ?